ಅವ್ವ ಓದಿದ ವಂಶಾವಳಿ

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಂಗೇರಿಯಿಂದ ಧಾರವಾಡಕ್ಕೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ ಬಿ.ಎ. ಮಾಡಿದೆ. ಆ ಮೂರು ವರ್ಷವೂ ಅವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿದಳು. ಪದವಿ ಪತ್ರ ತಂದು ಕೈಗಿಟ್ಟಾಗ ತಿರುವಿ ನೋಡಿ, "ಇದರಾಗ ನಿನ್ನ ಹೆಸರು ಎಲ್ಲೈತಿ ತೋರಿಸು" ಎಂದಳು. ತೋರಿಸಿದೆ.

"ಹಂಗಾರ ಇನ್ನ ನನಗ ಓದಾಕ ಕಲಿಸು. ಕೆಲಸ ಸಿಗೂತನಕ ನಿನಗ ಬ್ಯಾರೆ ಏನೈತಿ?"

ಅವ್ವ ಓದಬೇಕೆಂದದ್ದು ಬೈಬಲ್. ಅಕ್ಷರ ಕೂಡಿಸಲು ಬಂದಮೇಲೆ ಕೀರ್ತನೆಗಳನ್ನು ಹಿಡಿಸಿದೆ. ತಪ್ಪಿದ್ದು ಅಲ್ಲಿಯೇ. ಕೇಳಿ ಕೇಳಿ ಅವಳಿಗೆ ಅವೆಲ್ಲ ಬಾಯಿಪಾಠ. ಬೆರಳು ಒಂದು ಸಾಲಿನಲ್ಲಿದ್ದರೆ ಬಾಯಿ ಮುಂದಿನ ಸಾಲಿಗೆ ಹೋಗಿರುತ್ತಿತ್ತು. ಯಾರಿಗೂ ಬಾಯಿಗೆ ಬರದ ಪುಟ ಯಾವುದೆಂದು ಹುಡುಕಿ ಮತ್ತಾಯನ ಮೊದಲ ಅಧ್ಯಾಯ ತೆಗೆದೆ: ಯೇಸುವಿನ ವಂಶಾವಳಿ. ಎಲ್ಲರೂ ಹಾರಿಸಿ ಓದುವ ಭಾಗ. ಅದು ಕಲಿಯುವವರಿಗೆಂದೇ ಬರೆದಂತಿದೆ. ಮಗನಾಗಿ ಬಂದ ಹೆಸರು ಮರುಕ್ಷಣ ತಂದೆಯಾಗಿ ಬರುತ್ತದೆ. ಮೊದಲ ಸಲ ತಡವರಿಸಿದರೆ ಎರಡನೆಯ ಸಲ ಹಿಡಿತಕ್ಕೆ ಸಿಗುತ್ತದೆ. ಎರಡು ತಿಂಗಳು ಅವ್ವ ಆ ಪುಟ ಬಿಡಲಿಲ್ಲ.

ಕ್ರಿಸ್‌ಮಸ್ಸಿನ ಹಿಂದಿನ ಭಾನುವಾರದ ಆರಾಧನೆಯಲ್ಲಿ ಆ ಪುಟವನ್ನು ತಾನೇ ಓದುತ್ತೇನೆಂದು ಚರ್ಚಿನಲ್ಲಿ ಹೆಸರು ಕೊಟ್ಟಳು. ಯಾರು ಏನು ಓದಬೇಕೆಂದು ಗೊತ್ತುಮಾಡುವವರು ಸಭೆಯ ಹಿರಿಯರಾದ ಒಬ್ಬ ನಿವೃತ್ತ ಶಾಲಾ ಮಾಸ್ತರರು.

"ಅಕ್ಕಾರ, ಹೆಸರಿನ ಪಟ್ಟಿ ಯಾಕ್ರಿ? ಹದಿನೆಂಟನೇ ವಚನದಿಂದ, ಯೇಸು ಹುಟ್ಟಿದ ಕಥಿ ಓದ್ರಿ. ಅದು ನಿಮಗ ಬಾಯಾಗ ಬರತೈತಿ. ಪಟ್ಟಿ ಓದಿದ್ರ ಮಂದಿ ನಿದ್ದಿ ಹೊಡೀತಾರ."

"ಬಾಯಾಗ ಬರತೈತಿ ಅಂತನ ಬ್ಯಾಡ್ರಿ ಮಾಸ್ತರ. ಓದಾಕತ್ತಿಲ್ಲ, ಪಾಠ ಒಪ್ಪಸಾಕತ್ತಾಳ ಅಂತೀರಿ."

"ನಡಕ ನಿಂತ್ರ?"

"ಒಂದೀಟು ಕಾಯ್ರಿ. ನಿಮ್ಮ ಭಾಷಣ ಮುಗಿಯೂತನಕ ನಾವು ಕಾಯಂಗಿಲ್ಲೇನು?"

ಮಾಸ್ತರರು ನಕ್ಕು ಒಪ್ಪಿದರು. ನನಗೆ ನಗು ಬರಲಿಲ್ಲ. ಅವ್ವ ಎಡವಿದರೆ ಕಲಿಸಿದವಳಿಗೂ ಅವಮಾನವೆಂಬ ಹೆದರಿಕೆ ನನ್ನದು. ಮನೆಗೆ ಬರುತ್ತ ದಾರಿಯಲ್ಲಿ ಹದಿನೆಂಟರಿಂದಲೇ ಓದೆಂದು ನಾನೂ ಹೇಳಿದೆ.

"ನಮ್ಮಜ್ಜನ ಅಪ್ಪನ ಹೆಸರು ಏನು, ಹೇಳು ನೋಡೋಣು" ಎಂದಳು. ನನಗೆ ಗೊತ್ತಿರಲಿಲ್ಲ. "ನನಗೂ ಗೊತ್ತಿಲ್ಲ. ಬರದಿಡಾಕ ನಮ್ಮ ಪೈಕಿ ಅಕ್ಷರ ಬಲ್ಲವರು ಯಾರೂ ಇರಲಿಲ್ಲ. ಇಲ್ಲಿ ಬರದಿಟ್ಟಾರ. ಆ ಪಟ್ಟ್ಯಾಗಿನ ರಾಹಾಬಳು ಸೂಳಿ ಅಂತ ಊರಿಗೆಲ್ಲಾ ಗೊತ್ತಿತ್ತು, ಆಕಿ ಹೆಸರೂ ಬಿಟ್ಟಿಲ್ಲ. ಅವರ ಬಿಟ್ಟಿಲ್ಲ ಅಂದ್ರ ನಾ ಯಾಕ ಬಿಡಲಿ?"

ಅಂದು ರಾತ್ರಿ ನಾನೇ ಆ ಪುಟ ತೆಗೆದು ಅವಳ ಮುಂದಿಟ್ಟೆ.

ಭಾನುವಾರ ಅಬ್ರಹಾಮನಿಂದ ದಾವೀದನವರೆಗೆ ನಿಧಾನವಾಗಿ, ಗಟ್ಟಿಯಾಗಿ ಓದಿದಳು. ರಾಜರನ್ನೂ ದಾಟಿದಳು. ಜೆರುಬ್ಬಾಬೆಲನ ಹತ್ತಿರ ನಿಂತಳು. ಯಾರೋ ಕೆಮ್ಮಿದರು. ಮುಂದಿನ ಬೆಂಚಿನಿಂದ ಮಾಸ್ತರರು ಹೇಳಿಕೊಡಲು ಬಾಯಿ ತೆರೆದರು. ಅವ್ವ ಪುಟದಿಂದ ಕಣ್ಣು ತೆಗೆಯದೆ ಎಡಗೈ ಎತ್ತಿ ತಡೆದಳು. ತುಟಿಯಲ್ಲೇ ಅಕ್ಷರ ಒಂದೊಂದಾಗಿ ಕೂಡಿಸಿ ಅವ್ವ ಆ ಹೆಸರನ್ನು ಹೇಳಿದಳು. ಮರುಸಾಲಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಕೊನೆಯ ಹೆಸರಿನವರೆಗೂ ಓದಿಯೇ ಪುಸ್ತಕ ಮುಚ್ಚಿದಳು. ಹಿಂದಿನ ಸಾಲಿನಲ್ಲಿ ಮೂವರು ನಿದ್ದೆ ಮಾಡುತ್ತಿದ್ದದ್ದೂ ಖರೆ.

ಹೊರಗೆ ಬಂದಾಗ ಮಾಸ್ತರರು, "ಛಲೋ ಆತ್ರಿ ಅಕ್ಕಾರ. ಮುಂದಿನ ವರ್ಷನೂ ನೀವ ಓದ್ರಿ" ಎಂದರು.

"ಮುಂದಿನ ವರ್ಷ ಈಕಿ ಓದತಾಳ" ಎಂದು ಅವ್ವ, ಖಾನಾವಳಿಯಲ್ಲಿ ಪಲ್ಯ ಮಾಡುವ ತನ್ನ ಗೆಳತಿಯ ಭುಜ ಹಿಡಿದಳು.

ಅವಳು ಗಾಬರಿಯಾದಳು. "ಅಕ್ಕಾ, ನನಗ ಅ ಆ ಸೈತ ಬರಂಗಿಲ್ಲಲ್ಲ."

"ಅದಕ್ಕ ವರ್ಷ ಐತಿ. ನಾಳೆ ಸಂಜಿಗೆ ಮನಿಗೆ ಬಾ."