ಡಿಕ್ಕಿ ತುಂಬ ಸಾಮಾನು

ನವಲಗುಂದದಲ್ಲಿ ನನ್ನದೊಂದು ಔಷಧಿ ಅಂಗಡಿ ಇತ್ತು. ಅಂಗಡಿಗಿಂತ ಹೆಚ್ಚು ಹೆಸರಾಗಿದ್ದದ್ದು ನನ್ನ ಕಾರಿನ ಡಿಕ್ಕಿ. ಸಲಿಕೆ, ಜಾಕು, ಸ್ಟೆಪ್ನಿ, ಇಪ್ಪತ್ತು ಮೊಳದ ಹಗ್ಗ, ಆರು ಗೋಣಿಚೀಲ, ನೀರಿನ ಕ್ಯಾನು, ಬ್ಯಾಟರಿ, ಅದಕ್ಕೆ ಹೊಸ ಸೆಲ್ಲು, ಗಾಯಕ್ಕೆ ಪಟ್ಟಿ, ಖಾನಾವಳಿಯಿಂದ ತಂದ ಕಟಕ ರೊಟ್ಟಿ, ಶೇಂಗಾ ಹಿಂಡಿ. ರೊಟ್ಟಿಯನ್ನು ಎಂಟು ದಿನಕ್ಕೊಮ್ಮೆ ತಪ್ಪದೆ ಬದಲಿಸುತ್ತಿದ್ದೆ. "ಸಾವಕಾರ್ರ ಸಂಸಾರೆಲ್ಲಾ ಡಿಕ್ಕಿಯೊಳಗ ಐತಿ" ಎಂದು ಬಾಜೂ ಅಂಗಡಿಯ ಜಮಖಾನದ ವ್ಯಾಪಾರಿ ನಗುತ್ತಿದ್ದ. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಸಿಟ್ಟು ಬರುತ್ತಿತ್ತು.

ಡಿಕ್ಕಿ ತುಂಬುವ ಕಾರಣ ಅವನಿಗೂ ಗೊತ್ತಿತ್ತು. ಎಂಬತ್ತರ ದಶಕದ ಆರಂಭದ ಒಂದು ಮಳೆಗಾಲ. ಹೆಂಡತಿ ತವರೂರು ಕುಬಿಹಾಳದಲ್ಲಿದ್ದಾಗ ಹೊಟ್ಟೆನೋವೆಂದು ನೆಲ ಹಿಡಿದಳು. ನಾನೂ ಅಲ್ಲೇ ಇದ್ದೆ, ಹುಬ್ಬಳ್ಳಿಗೆ ಒಯ್ಯಲು ಜೀಪು ತರಿಸಿದೆ. ಅವಸರದಲ್ಲಿ ಹೊಲದ ನಡುವಿನ ಬಂಡಿ ದಾರಿ ಹಿಡಿದೆವು. ಜೀಪು ಎರೆಮಣ್ಣಿನಲ್ಲಿ ಹೂತುಹೋಯಿತು. ಅದರಲ್ಲಿ ಸಲಿಕೆ ಇರಲಿಲ್ಲ, ಹಗ್ಗ ಇರಲಿಲ್ಲ. ಡ್ರೈವರನೂ ನಾನೂ ಕೈಯಿಂದಲೇ ಮಣ್ಣು ಬಗೆದೆವು. ಡಾಂಬರು ರಸ್ತೆ ಕಣ್ಣಿಗೆ ಕಾಣುತ್ತಿತ್ತು. ಅವಳು ಅಲ್ಲೇ, ಹಿಂದಿನ ಸೀಟಿನಲ್ಲೇ ತೀರಿಕೊಂಡಳು. ಮರುವರ್ಷ ಹಳೇ ಕಾರೊಂದನ್ನು ಕೊಂಡು ಡಿಕ್ಕಿ ತುಂಬಿಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಪೈಕಿ ನಾನು.

ಆಗ ನಾಲ್ಕು ವರ್ಷದವಳಾಗಿದ್ದ ಮಗಳನ್ನು ಅತ್ತೆಯೇ ಇಟ್ಟುಕೊಂಡರು. ರವಿವಾರಕ್ಕೊಮ್ಮೆ ಹೋಗಿ ಮುಖ ನೋಡಿ ಬರುತ್ತಿದ್ದೆ. ಅವಳಿಗೆ ಏಳು ತುಂಬಿದಾಗ, ಇನ್ನು ನನ್ನ ಹತ್ತಿರವೇ ಇರಲಿ, ನವಲಗುಂದದ ಸಾಲೆಗೆ ಹಾಕುತ್ತೇನೆ ಎಂದೆ. ಅತ್ತೆ ಬೇಡ ಎನ್ನಲಿಲ್ಲ. "ಕೂಸು ಹೂಂ ಅಂದ್ರ ಒಯ್ರಿ" ಎಂದರು. ಮಗಳು ಹೂಂ ಅಂದಳು. ನಾನು ಬೀಗ ತೆಗೆದರೆ ನನ್ನ ಕೆಮ್ಮೇ ನನಗೆ ಕೇಳುವಂಥ ಮನೆ ನನ್ನದು. ಅಲ್ಲಿ ಇನ್ನೊಂದು ದನಿ ಬೇಕಾಗಿತ್ತು ನನಗೆ, ಅಷ್ಟೇ.

ದಸರಾ ಸೂಟಿಯಲ್ಲಿ, ಸೀಗಿ ಹುಣ್ಣಿಮೆಯ ದಿನ ಕರೆದುಕೊಂಡು ಹೊರಟೆ. ಹಿಂದಿನ ದಿನ ಮಳೆ ಬಂದಿತ್ತು. "ಸಡಕ ಹಿಡದ ಹೋಗ್ರಿ, ಎರಿ ಇನ್ನೂ ಹಸಿ ಐತಿ" ಎಂದು ಅತ್ತೆ ಎರಡು ಸಲ ಹೇಳಿದರು. ನಾನು ಅದೇ ಬಂಡಿ ದಾರಿಗೆ ಕಾರು ಇಳಿಸಿದೆ. ಮೂರು ವರ್ಷ ಆ ದಾರಿಯ ಕಡೆ ತಲೆ ಹಾಕಿರಲಿಲ್ಲ. ಈಗ ಎಲ್ಲ ಇದೆಯಲ್ಲ ಎಂಬ ಸೊಕ್ಕು, ಆ ಮಣ್ಣಿಗೊಂದು ಉತ್ತರ ಕೊಡಬೇಕೆಂಬ ಹಟ. ಬರಿಗೈಯಲ್ಲಿದ್ದರೆ ಖಂಡಿತ ಇಳಿಯುತ್ತಿರಲಿಲ್ಲ.

ಅರ್ಧ ದಾರಿಗೆ ಕಾರು ಹೂತಿತು. ಸಲಿಕೆ ತೆಗೆದೆ. ಹಸಿ ಎರೆ ಸಲಿಕೆಗೇ ಮೆತ್ತಿಕೊಂಡಿತು. ಅಗೆಯುವುದಕ್ಕಿಂತ ಕೆರೆದು ತೆಗೆಯುವುದೇ ಹೆಚ್ಚಾಯಿತು. ಗೋಣಿಚೀಲ ಹಾಸಿದರೆ ಚಕ್ರ ಅವನ್ನೂ ನುಂಗಿತು.

ಬದಿಯ ಹೊಲದಲ್ಲಿ ಒಂದು ಮನೆತನ ಪೈರಿನ ನಡುವೆ ಹಬ್ಬದಡುಗೆಯ ಚರಗ ಚೆಲ್ಲಿ, ಭೂಮಿತಾಯಿಗೆ ಎಡೆ ಮುಟ್ಟಿಸಿ, ಊಟಕ್ಕೆ ಕುಳಿತಿತ್ತು. ಹತ್ತು ಹನ್ನೆರಡು ಮಂದಿ. ಅವರಲ್ಲೊಬ್ಬ ಮುದುಕಿ ಕೂಗಿದಳು: "ಬರ್ರೆಪಾ, ಉಣ್ಣಾಕ ಬರ್ರಿ! ಆಮ್ಯಾಲ ಎತ್ತ ಕಟ್ಟಿ ಜಗ್ಗೂಣು."

"ನಮ್ಮ ಬುತ್ತಿ ಐತ್ರಿ. ಹಗ್ಗಾನೂ ಐತಿ. ನೀವು ಉಣ್ರಿ" ಎಂದೆ.

ಮುದುಕಿ ಎದ್ದೇ ಬಂದಳು. "ಇವತ್ತ ಹೊಲದಾಗ ಯಾರರ ತಮ್ಮ ಬುತ್ತಿ ತಾವ ಉಣತಾರೇನೋ ಎಪ್ಪಾ? ನೀ ಬ್ಯಾಡಂದ್ರ ಬಿಡು, ಕೂಸಿನ್ನ ಯಾಕ ಉಪಾಸ ಕೆಡವತಿ?" ಎಂದು ಮಗಳ ಕೈ ಹಿಡಿದು ನಡೆದೇಬಿಟ್ಟಳು.

ನಾನು ಅಗೆಯುತ್ತಲೇ ಇದ್ದೆ. ಕಡುಬು, ಪುಂಡಿಪಲ್ಯ, ಸಜ್ಜಿ ರೊಟ್ಟಿಯ ವಾಸನೆ ಬರುತ್ತಿತ್ತು. ಅಷ್ಟರಲ್ಲಿ ಮಗಳು ನಕ್ಕದ್ದು ಕೇಳಿಸಿತು. ಯಾರೋ ಏನೋ ಅಂದರು, ಮತ್ತೆ ನಕ್ಕಳು. ಮೂರು ವರ್ಷದ ರವಿವಾರಗಳಲ್ಲಿ ನನ್ನೆದುರು ಅವಳು ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಗುರುತಿಲ್ಲದ ಮಂದಿಯ ಮೇಲೆ.

ಊಟವಾದ ಮೇಲೆ ಅವರು ಎತ್ತು ತಂದು, ನನ್ನದೇ ಹಗ್ಗ ಕಟ್ಟಿ, ಎಲ್ಲರೂ ಹಿಂದಿನಿಂದ ನೂಕಿದರು. ಕಾರು ಎದ್ದು ಬಂತು. "ಹಗ್ಗ ಅಗದೀ ಚಲೋ ಐತಿ ನೋಡ್ರಿ" ಎಂದು ಒಬ್ಬ ಮುದುಕ ಗಂಭೀರವಾಗಿ ಹೇಳಿದ. ಉಳಿದವರು ನಕ್ಕರು.

ಡಾಂಬರು ರಸ್ತೆ ಹತ್ತಿದ ಮೇಲೆ ಮಗಳು ಕೇಳಿದಳು: "ಅಪ್ಪಾ, ನೀ ಅಂಗಡಿಗೆ ಹೋದಾಗ ಮನ್ಯಾಗ ಯಾರಿರ್ತಾರ?"

"ರೇಡಿಯೋ ಐತಿ. ಬಿಸ್ಕೀಟ ತಂದಿಟ್ಟೇನಿ. ಕರೆಂಟ ಹೋದ್ರ ಬ್ಯಾಟರಿ ಐತಿ" ಎಂದೆ.

ಅವಳು ಮೆಲ್ಲಗೆ, "ಅಜ್ಜಿ ಕಡೆ ಹೋಗೂಣು, ಅಪ್ಪಾ" ಎಂದಳು. ಅಳಲಿಲ್ಲ. ಅತ್ತಿದ್ದರೆ ಗದರಿಸಿ ಕರೆದೊಯ್ಯುತ್ತಿದ್ದೆ. ಕಾರು ತಿರುಗಿಸಿದೆ, ಈ ಸಲ ಸಡಕಿನ ಮೇಲೆ.

ಅತ್ತೆ ಮಗಳ ಅರಿವೆಯ ಚೀಲ ಇಸಿದುಕೊಂಡರು. ಒಳಗೆ ಓಡಿದ ಮಗಳು ಮತ್ತೆ ಹೊರಗೆ ಬಂದು ಕಾರಿನ ಬಾಗಿಲು ಹಿಡಿದುಕೊಂಡಳು. "ನೀನೂ ಇಲ್ಲೇ ಇರು, ಅಪ್ಪಾ."

"ಅಂಗಡಿ ತಗೀಬೇಕು" ಎಂದೆ. ಹಬ್ಬವೆಂದು ಅಂಗಡಿಗೆ ಆ ದಿನ ನಾನೇ ಬೀಗ ಹಾಕಿ ಬಂದಿದ್ದೆ.