ಮರಳಿನ ಸವತಿಯರು, ಹಿಟ್ಟಿನ ಸಾಕ್ಷಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ, ಟೈರಿನಂಗಡಿಯ ಬಾಗಿಲಲ್ಲಿ, ಒಬ್ಬ ಹೆಂಗಸು ಸ್ಟೂಲಿನ ಮೇಲೆ ಕೂತು ಹಿಟ್ಟು ಕಲಸುತ್ತಿದ್ದಾರೆ. ಅಡುಗೆಗಲ್ಲ. ಕಲಸಿದ್ದನ್ನು ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ ತಟ್ಟೆಯಲ್ಲಿ ಸಾಲಾಗಿ ಇಡುತ್ತಾರೆ. ಅವರ ಗಂಡ ಕೆಂಪು ಸ್ಪೋರ್ಟ್ಸ್ ಕಾರೊಂದರ ಹಿಂಬದಿಯಲ್ಲಿ ಮಂಡಿಯೂರಿದ್ದಾರೆ. ಒಂದೊಂದೇ ಉಂಡೆ ತೆಗೆದು, ಚಕ್ರದ ಮೇಲಿನ ಮಡ್‌ಗಾರ್ಡಿನ ಒಳ ಅಂಚಿಗೆ ಮೆತ್ತುತ್ತಾರೆ. ಮಗುವಿಗೆ ತುತ್ತಿಡುವ ಹಾಗಿದೆ ಆ ಕೈ.

"ಗಟ್ಟಿಯಾಯ್ತು ಕಣೇ, ಅಂಟ್ತಾ ಇಲ್ಲ."

"ನೀರು ಹಾಕಿ ಅಂದ್ರೆ ಮಾತು ಹಾಕ್ತೀರಿ. ಆ ಚೊಂಬು ಇತ್ತ ಕೊಡಿ."

ಗಂಡನನ್ನು ಈ ಬೀದಿ ಕರೆಯುವುದು ಬೆರಳಣ್ಣ ಎಂದು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ತೋರುಬೆರಳು, ನಡುಬೆರಳು ಜೋಡಿಸಿ ತೂರಿಸುತ್ತಾರೆ. ಎರಡೂ ಹೋದರೆ ಮುಂದಿನ ಮಾತು. ಹೋಗದಿದ್ದರೆ ತಲೆಯಾಡಿಸಿ ಕೈ ಒರೆಸಿಕೊಳ್ಳುತ್ತಾರೆ. ಹೆಂಡತಿ ಎಲ್ಲರಿಗೂ ಅಕ್ಕ. ಬೆರಳಣ್ಣನನ್ನು ಬಿಟ್ಟು ಎಲ್ಲರಿಗೂ.

ಸ್ಪೋರ್ಟ್ಸ್ ಕಾರು ಕೊಂಡವರಿಗೆ ಕಂಪನಿ ಕೊಟ್ಟ ಚಕ್ರ ಸಾಲದು. ಹೊರಗಿನಿಂದ ದೊಡ್ಡ ಅಲಾಯ್ ಚಕ್ರ ತರಿಸುತ್ತಾರೆ. ಚಕ್ರ ಬದಲಾದರೆ ಟೈರಿನ ಅಳತೆಯೂ ಬದಲಾಗಬೇಕು. ಆ ಅಳತೆ ಆರಿಸಿಕೊಡುವುದು ಬೆರಳಣ್ಣನ ಕಸುಬು. ದಿನದ ಮಿಕ್ಕ ಹೊತ್ತು ಪಂಕ್ಚರು, ಗಾಳಿ, ಬ್ಯಾಲೆನ್ಸಿಂಗು. ದಿನಕ್ಕೆ ಮೂವತ್ತು ಚಕ್ರ ಕೈ ದಾಟುತ್ತವೆ. ಅವುಗಳಲ್ಲಿ ಸ್ಪೋರ್ಟ್ಸ್ ಕಾರಿನ ಚಕ್ರ ಬರುವುದು ಎರಡು ಮೂರು ತಿಂಗಳಿಗೊಮ್ಮೆ. ಸ್ವಂತ ವಾಹನ ಯಾವುದು ಎಂದು ಕೇಳಿದರೆ ಗೋಡೆಗೆ ಒರಗಿದ ಸೈಕಲ್ ತೋರಿಸುತ್ತಾರೆ. "ಎರಡೇ ಚಕ್ರ. ಅದ್ರಲ್ಲೂ ಹಿಂದಿನದಕ್ಕೆ ಗಾಳಿ ನಿಲ್ಲಲ್ಲ."

ಅಂಗಡಿಯ ಒಳಗೋಡೆಗೆ ಹಳೆಯ ಟೈರುಗಳು ತೂಗುತ್ತವೆ. ಮಾರಾಟಕ್ಕಲ್ಲ. ದರ್ಜಿ ಕಚ್ಚಾ ಹೊಲಿಗೆ ಹಾಕಿ ಬಟ್ಟೆ ತೊಡಿಸಿ ನೋಡುವ ಹಾಗೆ, ಹೊಸ ಟೈರು ಕೊಳ್ಳುವ ಮೊದಲು ಆ ಅಳತೆಯ ಹಳೆಯದೊಂದನ್ನು ಹೊಸ ಚಕ್ರಕ್ಕೆ ತೊಡಿಸಿ ಓಡಿಸಿ ನೋಡುವುದು ಇಲ್ಲಿಯ ಪದ್ಧತಿ. ಹಿಟ್ಟಿನುಂಡೆ ಸಾಕ್ಷಿ. ಓಡಿ ಬಂದ ಮೇಲೆ ಉಂಡೆ ಅರ್ಧ ಬೆರಳಿನಷ್ಟು ದಪ್ಪ ಉಳಿದಿದ್ದರೆ ಟೈರು ಪಾಸು. ಅದಕ್ಕಿಂತ ತೆಳುವಾಗಿದ್ದರೆ ಒಂದಲ್ಲ ಒಂದು ದಿನ, ಯಾವುದೋ ಗುಂಡಿಯಲ್ಲಿ, ಟೈರು ತಗಡಿಗೆ ಉಜ್ಜುತ್ತದೆ.

ಇಂದಿನ ಕೆಂಪು ಕಾರು ಪಕ್ಕದ ರಸ್ತೆಯ ಬೇಕರಿಯವರದು. ಎರಡೇ ಸೀಟು. ಸೀಟಿನ ಬೆನ್ನಿಗೆ ತಾಗಿಕೊಂಡ ಹಾಗೆ ಹಿಂದಿನ ಚಕ್ರ. ಬೇಕರಿಯವರು ಬಿಸಿ ಬನ್ನಿನ ಪೊಟ್ಟಣ ಹಿಡಿದು ನಿಂತಿದ್ದಾರೆ. ದೊಡ್ಡ ದೇಹ, ಅದಕ್ಕಿಂತ ದೊಡ್ಡ ನಗು.

"ಹಿಂದಿನಿಂದ ನೋಡಿದ್ರೆ ಹುಲಿ ಕೂತ ಹಾಗೆ ಇರ್ಬೇಕು ಬೆರಳಣ್ಣ. ಇನ್ನೂರೈವತ್ತೈದು ಹಾಕಿ."

"ಹುಲಿ ಕೂರುತ್ತೆ. ಎದ್ದು ಓಡಲ್ಲ."

ಟೈರಿನ ಮೈಮೇಲಿನ ನಂಬರನ್ನು ಬೆರಳಣ್ಣ ಓದಿ ಹೇಳುತ್ತಾರೆ. "ಮೊದಲನೇದು ಅಗಲ, ಮಿಲಿಮೀಟರಲ್ಲಿ. ಎರಡನೇದು ಪಕ್ಕದ ಗೋಡೆಯ ಎತ್ತರ, ಅಗಲದಲ್ಲಿ ನೂರಕ್ಕೆ ಎಷ್ಟು ಅಂತ. ಮೂರನೇದು ಒಳಗಿನ ಚಕ್ರ ಎಷ್ಟು ಇಂಚು ಅಂತ. ಕಂಪನಿ ಕೊಟ್ಟಿದ್ದು ಇನ್ನೂರಿಪ್ಪತ್ತೈದು, ನಲವತ್ತೈದು, ಹದಿನೇಳು. ಈಗ ಚಕ್ರ ಹದಿನೆಂಟಾಯ್ತು. ಚಕ್ರ ಬೆಳೆದಷ್ಟು ಟೈರಿನ ಗೋಡೆ ಕುಗ್ಗಬೇಕು. ಒಟ್ಟು ಎತ್ತರ ಮೊದಲಿನಷ್ಟೇ ಇರ್ಬೇಕು. ಇಲ್ದಿದ್ರೆ ಸ್ಪೀಡಿನ ಮುಳ್ಳು ಸುಳ್ಳು ಹೇಳುತ್ತೆ."

ಬೇಕರಿಯವರು ಕೇಳುವುದು ಇನ್ನೂರೈವತ್ತೈದು, ಮೂವತ್ತೈದು. ಬೆರಳಣ್ಣ ಹೇಳುವುದು ಇನ್ನೂರಿಪ್ಪತ್ತೈದು, ನಲವತ್ತು. ಎತ್ತರಕ್ಕೆ ಎರಡೂ ಸರಿ. ಜಗಳ ಅಗಲದ್ದು. ಹೊಸ ಚಕ್ರ ಹಳೆಯದಕ್ಕಿಂತ ಹೊರಗೆ ಚಾಚಿ ಕೂರುತ್ತದೆ. ಅದರ ಮೇಲೆ ಅಗಲದ ಟೈರು ಎಂದರೆ ಒಂದೊಂದು ಬದಿಗೂ ಇನ್ನೊಂದು ಬೆರಳು ನುಂಗಿದ ಹಾಗೆ.

"ಮಾತಲ್ಲಿ ಬೇಡ," ಎನ್ನುತ್ತಾರೆ ಬೆರಳಣ್ಣ. "ಹಿಟ್ಟು ಹೇಳಲಿ."

ಈ ಹಿಟ್ಟಿನ ಹಿಂದೆ ಒಂದು ಸೋಲಿದೆ. ಬಹಳ ವರ್ಷದ ಹಿಂದಿನ ಮಾತು, ಮೊದಲ ಸ್ಪೋರ್ಟ್ಸ್ ಕಾರು. ಬೆರಳಣ್ಣ ಒಬ್ಬರೇ ಕೂತು ಓಡಿಸಿ ನೋಡಿದರು. ಎಲ್ಲೂ ಉಜ್ಜಲಿಲ್ಲ. ಸರಿ ಎಂದು ಕಳಿಸಿದರು. ಕಾರಿನ ಯಜಮಾನ ಇವರ ಎರಡರಷ್ಟು ಇದ್ದ, ಜೊತೆಗೆ ಹೆಂಡತಿ. ಕಾರು ಕುಗ್ಗಿತು. ಮೊದಲ ತಿರುವಿನಲ್ಲೇ ಟೈರಿನ ಹೊರ ಅಂಚು ಸೌತೆಕಾಯಿ ಸಿಪ್ಪೆಯಂತೆ ಸುಲಿದು ಬಂತು. ಯಾರಿಗೂ ಏನೂ ಆಗಲಿಲ್ಲ. ಆತ ನಡೆದುಕೊಂಡೇ ಬಂದ, ಸಿಪ್ಪೆ ಕೈಯಲ್ಲಿ ಹಿಡಿದು. "ಬೈದಿದ್ರೆ ಮರೆತುಬಿಡ್ತಿದ್ದೆ," ಎನ್ನುತ್ತಾರೆ ಬೆರಳಣ್ಣ. "ಸುಮ್ನೆ ಆ ಮೇಜಿನ ಮೇಲಿಟ್ಟು ಹೋದ."

ಅಕ್ಕ ಆ ದಿನ ಹೇಳಿದ್ದನ್ನು ಇಬ್ಬರೂ ಇವತ್ತಿಗೂ ಒಟ್ಟಿಗೆ ಹೇಳುತ್ತಾರೆ, ಒಬ್ಬರ ಮಾತು ಇನ್ನೊಬ್ಬರು ಮುಗಿಸುತ್ತಾರೆ. "ನಿಮ್ಮನ್ನ ಕೂರಿಸಿ ಕಾರು ಅಳೆಯೋದೂ ಒಂದೇ, ಗಾಳಿಪಟ ಕೂರಿಸಿ ಅಳೆಯೋದೂ ಒಂದೇ. ನಾಳೆಯಿಂದ ನಾನು ಬರ್ತೀನಿ."

ಅಂದಿನಿಂದ ಮಡ್‌ಗಾರ್ಡಿಗೆ ಹಿಟ್ಟು, ಪಕ್ಕದ ಸೀಟಿಗೆ ಅಕ್ಕ. ತೂಕ ಸಮ ಮಾಡಲು ಬೆರಳಣ್ಣ ತಮ್ಮ ಸೀಟಿನ ಬುಡದಲ್ಲಿ ಹಳೆಯ ಎಂಜಿನ್ನಿನ ಕಬ್ಬಿಣ ಇಟ್ಟುಕೊಳ್ಳುತ್ತಾರೆ. "ಮದುವೆಯಾದಾಗಿನಿಂದ ನನ್ನ ಗಾತ್ರ ನೋಡಿ ನಗದವರಿಲ್ಲ," ಎನ್ನುತ್ತಾರೆ ಅಕ್ಕ. "ಅದಕ್ಕೊಂದು ಕೆಲಸ ಕೊಟ್ಟ ಪುಣ್ಯಾತ್ಮ ಇವರೊಬ್ಬರೇ."

ಬೇಕರಿಯವರಿಗೆ ಒಂದು ಸಂಶಯ. "ಆ ಕಡೆಗೂ ಕಬ್ಬಿಣ ಇಟ್ರೆ ಆಗಲ್ವಾ? ಅಕ್ಕನಿಗೆ ಯಾಕೆ ತೊಂದರೆ?"

"ಕಬ್ಬಿಣಕ್ಕೆ ಕಿವಿ ಎಲ್ಲಿದೆ?" ಎನ್ನುತ್ತಾರೆ ಬೆರಳಣ್ಣ. ಟೈರು ತಗಡಿಗೆ ತಾಕುವ ಮೊದಲು ಒಂದು ಸಣ್ಣ ಸದ್ದು ಬರುತ್ತದಂತೆ, ಪಕ್ಕದ ಕೋಣೆಯಲ್ಲಿ ಯಾರೋ ಕಾಗದ ಮಡಿಚಿದ ಹಾಗೆ. ಅದು ಅಕ್ಕನಿಗೆ ಮಾತ್ರ ಕೇಳುತ್ತದೆ.

ಕಳೆದ ವರ್ಷ ಅಕ್ಕ ಕಾಯಿಲೆ ಬಿದ್ದರು. ಆಸ್ಪತ್ರೆಯ ಹಾಸಿಗೆಯಲ್ಲಿ ಬಹಳ ದಿನ. ಮನೆಗೆ ಬಂದಾಗ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಡಾಕ್ಟರು ಹೇಳಿದ್ದು ಒಂದೇ ಮಾತು: ತೂಕ ಏರಿದರೆ ಮನೆ, ಇಳಿದರೆ ಮತ್ತೆ ಆಸ್ಪತ್ರೆ. ಈ ಬರುವ ವಾರ ಮತ್ತೆ ತೋರಿಸಬೇಕು. ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕ ತಾವಾಗಿ ತೂಕದ ಯಂತ್ರ ಹತ್ತುವುದಿಲ್ಲ. "ಹತ್ತಿದಾಗೆಲ್ಲ ಕೆಟ್ಟ ಸುದ್ದಿ. ಅದರ ಮುಖ ಕಂಡ್ರೆ ಆಗಲ್ಲ."

ಆದರೆ ಕಾರಿಗೆ ಅಕ್ಕನ ಹಳೆಯ ತೂಕ ಬೇಕು, ಬೆರಳಣ್ಣನ ಬದಿಯ ಕಬ್ಬಿಣ ಅದಕ್ಕೇ ಅಳೆದಿಟ್ಟದ್ದು. ಪಕ್ಕದ ಗುಜರಿ ಅಂಗಡಿಯ ತೂಕದ ಹಲಗೆಯ ಮುಳ್ಳಿನ ಫಲಕದಲ್ಲಿ ಬೆರಳಣ್ಣ ಅದನ್ನು ಕೆಂಪು ಗೆರೆ ಎಳೆದು ಗುರುತಿಸಿದ್ದಾರೆ. ಲಾರಿಯ ಹಳೇ ಟ್ಯೂಬು ಕತ್ತರಿಸಿ, ಮರಳು ತುಂಬಿ, ಎರಡೂ ತುದಿ ಬಿಗಿದು ಮೂಟೆ ಮಾಡಿದರು. ಒಂದೊಂದು ಐದು ಕಿಲೋ. ಸ್ಪೋರ್ಟ್ಸ್ ಕಾರು ಬಂದ ದಿನ ಅಕ್ಕ ಕಣ್ಣು ಮುಚ್ಚಿ ಹಲಗೆ ಹತ್ತುತ್ತಾರೆ. ಮುಳ್ಳು ಕೆಂಪು ಗೆರೆ ಮುಟ್ಟುವವರೆಗೆ ಒಂದೊಂದೇ ಮೂಟೆ ಅವರ ಕೈಗೆ ಬರುತ್ತದೆ. ಮೊದಲ ಸಲ ಒಂದು, ಆಮೇಲೆ ಎರಡು, ಆಮೇಲೆ ಮೂರು.

"ನನ್ನ ಸವತಿಯರು," ಎಂದು ಅಕ್ಕ ಅವುಗಳನ್ನು ಪರಿಚಯಿಸುತ್ತಾರೆ. "ನಾನು ಇಳಿದಷ್ಟೂ ಇವರು ಮನೆ ತುಂಬಿದ್ರು."

ಬೆರಳಣ್ಣ ನಗುವುದಿಲ್ಲ. ಚಕ್ರದ ನಟ್ಟು ಬಿಗಿಯುತ್ತಾರೆ.

ಇಂದು ಗುಜರಿ ಅಂಗಡಿ ಇನ್ನೂ ತೆರೆದಿಲ್ಲ. ಹಿಂದಿನ ಸಲದ ಲೆಕ್ಕದಲ್ಲೇ, ಎರಡು ಮೂಟೆ ಮಡಿಲಲ್ಲಿ, ಒಂದು ಕಾಲ ಬಳಿ ಇಟ್ಟುಕೊಂಡು ಅಕ್ಕ ಕೂರುತ್ತಾರೆ. ಹಿಂದಿನ ಸಲ ಎಂದರೆ ಎರಡು ತಿಂಗಳ ಹಿಂದೆ. ಹಿಂದಿನ ಚಕ್ರಗಳಿಗೆ ಇನ್ನೂರೈವತ್ತೈದರ ಹಳೆಯ ಟೈರು ತೊಡಿಸಿದೆ. ಕಾರು ಹೊರಡುತ್ತದೆ. ದಾರಿ ಯಾವಾಗಲೂ ಅದೇ: ರೈಲು ಗೇಟಿನ ಹಳಿಗಳ ಮೇಲೆ ಕುಲುಕಿ, ನೀರಿನ ಟ್ಯಾಂಕಿನ ಸುತ್ತ ಪೂರ್ತಿ ತಿರುಗಿ, ವಾಪಸ್ಸು.

ಸದ್ದು ಬೀದಿಯ ಕೊನೆಗೆ ಹೋಗಿ ತೆಳುವಾಗುತ್ತದೆ, ದಾರ ಎಳೆದ ಹಾಗೆ. ಆಮೇಲೆ ದಾರವೂ ಇಲ್ಲ. ಮನೆಗಳ ಕಿಟಕಿಗಳು ಒಂದೊಂದೇ ಬೆಳ್ಳಗಾಗುತ್ತವೆ. ಬೇಕರಿಯವರು ಬನ್ನು ತಿನ್ನುವುದನ್ನು ನಿಲ್ಲಿಸಿ ಕಿವಿ ಕೊಡುತ್ತಾರೆ. ಹೋದ ಕಾರಿನ ಸದ್ದಿಗಾಗಿ ನಿಂತಾಗ ಬೀದಿ ಬಹಳ ಉದ್ದವಾಗಿ ಕಾಣುತ್ತದೆ. ಆಮೇಲೆ, ಎಲ್ಲಿಂದಲೋ, ದಾರದ ತುದಿ ಮತ್ತೆ ಸಿಗುತ್ತದೆ.

ಕಾರು ನಿಲ್ಲುವ ಮೊದಲೇ ಅಕ್ಕ ಕಿಟಕಿಯಿಂದ ಕೂಗುತ್ತಾರೆ. "ಹುಲಿ ಹಳಿ ಮೇಲೆ ಅತ್ತುಬಿಡ್ತು!"

ಉಂಡೆಗಳು ಹರಿದಿವೆ. ಮೇಲೆ ಟೈರಿನ ಕಪ್ಪು ಗೆರೆ. ಬೇಕರಿಯವರು ಒಂದನ್ನು ಕಿತ್ತು ಅಂಗೈಯಲ್ಲಿಟ್ಟು ನೋಡುತ್ತಾರೆ. ಹಿಟ್ಟಿನೊಂದಿಗೇ ಬದುಕುವವರು, ಅದರ ಮಾತು ಅವರಿಗೂ ತಿಳಿಯುತ್ತದೆ. "ಸರಿ," ಎನ್ನುತ್ತಾರೆ, "ಬೆಕ್ಕೇ ಕೂರಲಿ."

ಇನ್ನೂರಿಪ್ಪತ್ತೈದು, ನಲವತ್ತು. ಹೊಸ ಉಂಡೆ. ಮತ್ತೆ ಹೊರಡುತ್ತಾರೆ, ಮತ್ತೆ ಬರುತ್ತಾರೆ. ಈ ಸಲ ಅಕ್ಕನಿಗೆ ಯಾವ ಕಾಗದದ ಸದ್ದೂ ಕೇಳಿಲ್ಲ. ಬೆರಳಣ್ಣ ತಮ್ಮ ಬದಿಯ ಉಂಡೆ ಬಿಡಿಸುತ್ತಾರೆ. ಅರ್ಧ ಬೆರಳು, ಸರಿಯಾಗಿ. ಅಕ್ಕನ ಬದಿಗೆ ಹೋಗುತ್ತಾರೆ. ಅಲ್ಲಿಂದ ಏಳುವುದಿಲ್ಲ.

"ಏನಾಯ್ತು?"

"ನಿನ್ನ ಕಡೆ ತೆಳು."

"ಎಷ್ಟು?"

"ಸ್ವಲ್ಪ. ಆದ್ರೆ ತೆಳು."

ಎರಡೂ ಬದಿ ಒಂದೇ ತೂಕ, ಒಂದೇ ಚಕ್ರ, ಒಂದೇ ಹಿಟ್ಟು. ಉಂಡೆ ಮಾತ್ರ ಬೇರೆ. ಬೆರಳಣ್ಣ ಜಾಕು ತಂದು ಕಾರು ಎತ್ತುತ್ತಾರೆ. ಆ ಬದಿಯ ಸ್ಪ್ರಿಂಗು ನೋಡುತ್ತಾರೆ. ಸರಿ ಇದೆ. ಗಾಳಿ ನೋಡುತ್ತಾರೆ. ಸರಿ ಇದೆ. ಟೈರು ಅದಲು ಬದಲು ಮಾಡಿ ಮೂರನೇ ಸಲ ಓಡಿಸಿ ಬರುತ್ತಾರೆ. ಮತ್ತೆ ಅಕ್ಕನ ಕಡೆಯೇ ತೆಳು. "ಮರಳಿಗೆ ತೇವ ಹಿಡಿದಿರ್ಬೇಕು," ಎಂದು ಮೂಟೆ ಬಿಚ್ಚುತ್ತಾರೆ. ಒಣ ಮರಳು ಬೆರಳ ಸಂದಿಯಿಂದ ಸುರಿಯುತ್ತದೆ. ಬಿಗಿದು ಕಟ್ಟುತ್ತಾರೆ.

ಅಷ್ಟರಲ್ಲಿ ಗುಜರಿ ತಾತ ಬಂದು ಬೀಗ ತೆಗೆಯುತ್ತಾರೆ. "ಅಕ್ಕ, ಮೂಟೆ ಸಮೇತ ಬನ್ನಿ. ಇವತ್ತು ನಾನೇ ತೂಗಿಕೊಡ್ತೀನಿ."

ಅಕ್ಕ ಒಂದು ಗಳಿಗೆ ಬಾಗಿಲಲ್ಲೇ ನಿಲ್ಲುತ್ತಾರೆ. ಹಿಟ್ಟು ಮೆತ್ತಿದ ಕೈ ಒರೆಸಿಕೊಳ್ಳುತ್ತಾರೆ. ಆಮೇಲೆ ಹಲಗೆ ಹತ್ತಿ ಕಣ್ಣು ಮುಚ್ಚುತ್ತಾರೆ. ಮೂರೂ ಮೂಟೆ ಅಪ್ಪಿಕೊಂಡಿದ್ದಾರೆ, ನಿದ್ದೆಗೆ ಜಾರಿದ ಮಕ್ಕಳನ್ನು ಎತ್ತಿಕೊಂಡವರ ಹಾಗೆ. ಮುಳ್ಳು ನಡುಗುತ್ತಾ ಏರುತ್ತದೆ. ಕೆಂಪು ಗೆರೆ ಮುಟ್ಟುತ್ತದೆ. ನಿಲ್ಲುವುದಿಲ್ಲ.

ಬೆರಳಣ್ಣ ಫಲಕಕ್ಕೆ ಬೆರಳಿನಿಂದ ತಟ್ಟುತ್ತಾರೆ. "ತಾತ, ನಿಮ್ಮ ತಕ್ಕಡಿ ಕೆಟ್ಟಿದೆ."

"ಕೆಟ್ಟಿರೋದು ನಿನ್ನ ತಲೆ. ಬಾಯಿಗೆ ಬಂದ ಹಾಗೆ ನನ್ನ ತಕ್ಕಡಿಗೆ ಅನ್ನಬೇಡ. ಒಂದು ಮೂಟೆ ಇಳಿಸಿ ನೋಡು."

ಇಳಿಸುತ್ತಾರೆ. ಮುಳ್ಳು ಹಿಂದೆ ಸರಿದು, ತೂಗಾಡಿ, ಕೆಂಪು ಗೆರೆಯ ಮೇಲೆ ಕೂರುತ್ತದೆ. ಬೇಕರಿಯವರ ಕೈಯ ಪೊಟ್ಟಣ ಸರಸರ ಎನ್ನುತ್ತದೆ.

"ಏನು?" ಎನ್ನುತ್ತಾರೆ ಅಕ್ಕ, ಕಣ್ಣು ಬಿಡದೆ. "ಇನ್ನೊಂದು ಬೇಕಾ? ಹೇಳಿಬಿಡಿ, ನಾಲ್ಕನೇ ಸವತಿ ಬಂದ್ಲಾ?"

"ಇಲ್ಲ." ಬೆರಳಣ್ಣ ಇಳಿಸಿದ ಮೂಟೆ ಎತ್ತಿ ಹಿಡಿಯುತ್ತಾರೆ. "ಒಬ್ಬಳು ಇಳಿದ್ಲು."

ಅಕ್ಕ ಕಣ್ಣು ಬಿಡುತ್ತಾರೆ. ಗಂಡನ ಕೈಯಲ್ಲಿರುವ ಮೂಟೆ ನೋಡುತ್ತಾರೆ, ಮುಳ್ಳು ನೋಡುತ್ತಾರೆ. ತೋಳಿನಲ್ಲಿ ಉಳಿದ ಎರಡನ್ನು ಎಣಿಸುತ್ತಾರೆ. ಎರಡು ತಿಂಗಳಿಂದ ಆ ಮೈ ತನ್ನ ಪಾಡಿಗೆ ತಾನು ಮರಳಿ ಬರುತ್ತಿತ್ತು, ಯಾರಿಗೂ ಹೇಳದೆ. ಮೊದಲು ಗೊತ್ತಾಗಿದ್ದು ಹಿಟ್ಟಿಗೆ.

"ಹಾಗಾದ್ರೆ ನನ್ನ ಟೈರಿನ ಗತಿ?" ಬೇಕರಿಯವರು ಕೇಳುತ್ತಾರೆ.

"ನಿಮ್ಮ ಟೈರಿಗೇನೂ ಆಗಿಲ್ಲ ಕಣ್ರೀ," ಅಕ್ಕ ಹಲಗೆಯಿಂದ ಇಳಿಯುತ್ತಾರೆ. "ದಪ್ಪ ಆಗಿದ್ದು ನಾನು."

ನಾಲ್ಕನೇ ಸಲ, ಎರಡೇ ಮೂಟೆಯೊಂದಿಗೆ, ಕಾರು ಹೋಗಿ ಬರುತ್ತದೆ. ಎರಡೂ ಬದಿಯ ಉಂಡೆ ಒಂದೇ ದಪ್ಪ. ಇನ್ನೂರಿಪ್ಪತ್ತೈದು, ನಲವತ್ತು, ಹದಿನೆಂಟು ಎಂದು ಬೆರಳಣ್ಣ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಾರೆ. ಬೇಕರಿಯವರು ಹೊಸ ಟೈರಿಗೆ ಹೇಳಿ, ಪೊಟ್ಟಣವನ್ನು ಪೂರ್ತಿ ಅಕ್ಕನ ಕೈಗಿಟ್ಟು ಹೊರಡುತ್ತಾರೆ. "ಇದು ನನ್ನ ಕಡೆಯಿಂದ ಚಿಕಿತ್ಸೆ."

ಇಳಿದ ಮೂಟೆಯನ್ನು ಅಂಗಡಿಯ ಹಿಂದೆ ಬಿಚ್ಚಲಾಗುತ್ತದೆ. ಅಲ್ಲೇ ಮರಳಿನ ಗುಡ್ಡೆ ಇದೆ. "ಹೋಗು ತಾಯಿ, ತವರಿಗೆ ಹೋಗು," ಎನ್ನುತ್ತಾರೆ ಅಕ್ಕ. "ಕರೆಯದೆ ಬರಬೇಡ." ಮರಳು ಮರಳಿನ ಮೇಲೆ ಬೀಳುವಾಗ ಹೆಚ್ಚು ಸದ್ದಾಗುವುದಿಲ್ಲ. ಬಿಸಿಲು ಈಗ ಶಟರಿನ ಒಳಗೂ ಬಂದಿದೆ. ತೂಗುವ ಟೈರುಗಳ ನೆರಳು ನೆಲದ ಮೇಲೆ ಉಂಗುರ ಉಂಗುರವಾಗಿ ಬಿದ್ದಿದೆ.

ಮುಂದೇನು ಆಸೆ ಎಂದು ಕೇಳಿದರೆ ಬೆರಳಣ್ಣ ಖಾಲಿ ಟ್ಯೂಬನ್ನು ಮಡಿಚುತ್ತಾ ಯೋಚಿಸುತ್ತಾರೆ. ದೊಡ್ಡ ಅಂಗಡಿ, ಹೊಸ ಯಂತ್ರ, ಅಂಥದೇನೂ ಬಾಯಿಗೆ ಬರುವುದಿಲ್ಲ.

"ಇನ್ನಿಬ್ಬರು ಉಳಿದಿದ್ದಾರೆ," ಎನ್ನುತ್ತಾರೆ. "ಅವರನ್ನೂ ಕಳಿಸಿಬಿಟ್ರೆ, ಮೊದಲಿನ ಹಾಗೆ ನಾವಿಬ್ರೇ ಹೋಗಿ ಬರಬಹುದು."