ಏಳು ವರ್ಷ ಒಗೆದವರು

ಮೂಗು ಮುರಿಯಬಹುದಿತ್ತು. ಹೊಸದಾಗಿ ಕಟ್ಟಿಸಿದ್ದ ಹಲ್ಲು ಉದುರಬಹುದಿತ್ತು. ಯಾರದೋ ಕಾರಿನ ಗಾಜು ಒಡೆದು ಪೊಲೀಸರು ಬರಬಹುದಿತ್ತು. ಚೆಂಡು ಎದೆಗೆ ಬಡಿದು ನಾನು ಅಲ್ಲೇ ಹೋಗಿಬಿಟ್ಟು, ಹೆಂಡತಿ ಅಳುವುದಕ್ಕೂ ಮುಂಚೆ ಬೈಯಬಹುದಿತ್ತು. ಹೋದ ವಾರ ಪಕ್ಕದ ಮನೆಯವರ ಮಗಳು ತನ್ನ ಅಪ್ಪನ ಚರ್ಮದ ಗ್ಲೌಸನ್ನು ತಂದು ನಮ್ಮ ಮೇಜಿನ ಮೇಲಿಟ್ಟಾಗ, ಎಣ್ಣೆ ಕುಡಿದ ಆ ಹಳೇ ಚರ್ಮದ ವಾಸನೆಗೆ ಈ ಭಯಗಳೆಲ್ಲ ಸಾಲಾಗಿ ಎದ್ದು ಬಂದವು.

ಪರದೇಶದ ಈ ಪಾಪಟೊಯಿಟೊಯಿ ಬಡಾವಣೆಯಲ್ಲಿ ನಾವು ಮನೆ ಹಿಡಿದಾಗಲೇ ಅವರು ಪಕ್ಕದಲ್ಲಿದ್ದರು. ಆರಡಿ ಮೀರಿದ ಆಳು; ಏರ್‌ಪೋರ್ಟಿನ ಸರಕು ವಿಭಾಗದಲ್ಲಿ ಕೆಲಸ. ಹುಟ್ಟಿದ್ದು ಹುಬ್ಬಳ್ಳಿ, ಬೆಳೆದದ್ದು ಅಮೆರಿಕ. ಕನ್ನಡ ಮಾತ್ರ ಅವರ ಅವ್ವ ಕಲಿಸಿದಷ್ಟೇ, ಕಲಿಸಿದ ಹಾಗೇ. ಮೊದಲ ದಿನವೇ ಬೇಲಿಯಾಚೆಯಿಂದ ಪರಿಚಯ ಹೇಳಿಕೊಂಡರು: "ಕಾಲೇಜಿನಾಗ ಬ್ಯಾಸ್ಕೆಟ್‌ಬಾಲ್ ಆಡ್ತಿದ್ದೆ, ಒಗೀತಿದ್ದೆ ಸುದ್ದಾ. ಆಮ್ಯಾಲ ಏಳು ವರ್ಷ ಪಗಾರಕ್ಕ ಒಗದೀನ್ರಿ."

ಮೈಸೂರಿನವನಾದ ನನಗೆ ಒಗೆಯುವುದೆಂದರೆ ಬಟ್ಟೆ. ಪಾಪ, ಲಾಂಡ್ರಿಯಲ್ಲಿ ದುಡಿದಿದ್ದಾರೆ, ನೋವಾದೀತೆಂದು ತಿಂಗಳುಗಟ್ಟಲೆ ಆ ಮಾತೇ ಎತ್ತಲಿಲ್ಲ. ಕೊನೆಗೊಮ್ಮೆ ಶರ್ಟಿನ ಮೇಲಿನ ಸಾರಿನ ಕಲೆ ತೆಗೆಯುವುದು ಹೇಗೆಂದು ಕೇಳಿಯೇಬಿಟ್ಟೆ.

"ನನಗ್ಯಾಕ ಕೇಳ್ತೀರಿ?"

"ಏಳು ವರ್ಷ ಒಗೆದವರಲ್ವಾ ಸಾರ್..."

"ಯಪ್ಪಾ, ಚೆಂಡ್ರೀ! ಬೇಸ್‌ಬಾಲ್!" ಬೇಲಿ ಹಿಡಿದುಕೊಂಡು ನಕ್ಕರು. ಹುಬ್ಬಳ್ಳಿ ಕಡೆ ಒಗೆಯುವುದೆಂದರೆ ಎಸೆಯುವುದು.

ಸಣ್ಣ ಊರುಗಳ ತಂಡಗಳು, ಬಸ್ಸಿನಲ್ಲೇ ನಿದ್ದೆ, ದೊಡ್ಡ ತಂಡದಿಂದ ಬಾರದೇ ಹೋದ ಕರೆ... ಭುಜ ಕೈಕೊಟ್ಟ ಮೇಲೆ, ಹೆಂಡತಿಯ ನರ್ಸ್ ಕೆಲಸದ ಬೆನ್ನು ಹಿಡಿದು ಇಲ್ಲಿಗೆ ಬಂದಿದ್ದರು. ಅವರು ಒಗೆದದ್ದನ್ನು ಮಗಳು ಒಮ್ಮೆಯೂ ನೋಡಿರಲಿಲ್ಲ.

ಕೆಲವು ವರ್ಷಗಳ ನಂತರ ಆ ಭುಜಕ್ಕೆ ಆಪರೇಷನ್ ನಿಗದಿಯಾಯಿತು. ಆಮೇಲೆ ತೋಳು ತಲೆಯ ಮೇಲೆ ಏಳುವುದಿಲ್ಲ ಎಂದಿದ್ದರಂತೆ ಡಾಕ್ಟರು. ಅದರ ಹಿಂದಿನ ಭಾನುವಾರ ಗ್ಲೌಸ್ ಹಿಡಿದು ನಮ್ಮ ಬಾಗಿಲಿಗೆ ಬಂದರು. ಮಗಳು ಆಗ ದೂರದೂರು ಪೊರಿರುವಾದಲ್ಲಿ ಕೆಲಸಕ್ಕಿದ್ದಳು.

"ಒಂದ ಒಂದು ಒಗೀತೀನ್ರಿ. ಗ್ವಾಡಿಗೆ ಒಗದ್ರ ಒಗದಂಗಲ್ಲ, ಹಿಡಿಯಾವ್ರು ಬೇಕು."

"ನನ್ ಕೈಲಾಗಲ್ಲ ಸಾರ್."

"ಸುಮ್ನ ಕುಂದರ್ರಿ. ಚೆಂಡು ತಾನ ಬರ್ತದ."

ಪಾರ್ಕಿನಲ್ಲಿ ಕುಕ್ಕರುಗಾಲಲ್ಲಿ ಕೂತೆ. ದೂರದಲ್ಲಿ ಅವರು ಕಾಲೆತ್ತಿದರು... ಅಂಗೈಯಲ್ಲಿ ಫಟಾರ್ ಎಂದಿತು. ಚೆಂಡು ಗ್ಲೌಸಿನೊಳಗಿತ್ತು. ನನ್ನ ಕೈ ಇಟ್ಟಲ್ಲೇ ಇತ್ತು, ಹಿಡಿದದ್ದೇನೂ ನಾನಲ್ಲ.

"ಹೆಂಗಿತ್ರಿ?" ಭುಜ ಅಮುಕಿಕೊಂಡೇ ಕೇಳಿದರು.

"ಸೂಪರ್ ಸಾರ್."

ಆ ಮುಖ ಅರಳಿದ್ದನ್ನು ನೆನೆದರೆ ಇವತ್ತಿಗೂ...

ಈ ಚಳಿಗಾಲ ಅವರು ತೀರಿಕೊಂಡರು. ಗ್ಲೌಸ್ ಮೇಜಿನ ಮೇಲಿಟ್ಟು ಮಗಳು ನನ್ನೆದುರು ಕೂತಳು. "ಅಂಕಲ್, ಡ್ಯಾಡ್ ಸೆಡ್ ಯು ಸಾ ದ ಲಾಸ್ಟ್ ಒನ್." ಇಷ್ಟು ಹೇಳಿ, ಎಂದೂ ಕನ್ನಡ ಆಡದ ಹುಡುಗಿ ಅಪ್ಪನದೇ ರಾಗದಲ್ಲಿ ಕೇಳಿದಳು: "ಹೆಂಗಿತ್ತು?"

ಇನ್ನೊಂದು ಸಲ ಸೂಪರ್ ಎನ್ನಲು ನಾಲಿಗೆ ಹೊರಳಲಿಲ್ಲ. ಆ ಚೆಂಡು ಹೇಗಿತ್ತೆಂದು ಹೇಳಬಹುದಾದವನು ಭೂಮಿಯ ಮೇಲೆ ನಾನೊಬ್ಬನೇ.

"ನೋಡಲಿಲ್ಲ ಪುಟ್ಟಾ," ಎಂದೆ. "ಕಣ್ಣು ಮುಚ್ಕೊಂಡುಬಿಟ್ಟಿದ್ದೆ."